ಪ್ರದರ್ಶನಕ್ಕೆ ಯಾವ ಚಿಟ್ಟೆ? ಎಕ್ಕದ ಗಿಡದ ಹುಲಿಚಿಟ್ಟೆಯೋ, ಅಮೆರಿಕದ ಮೊನಾರ್ಕೋ

ಕಲಬುರಗಿಯ ಸ್ಟೇಷನರಿ ಅಂಗಡಿಗೆ ಹೋಗಿ ಚಿಟ್ಟೆಯ ಜೀವನಚಕ್ರದ ಚಾರ್ಟ್ ಕೇಳಿದರೆ, ಹೆಚ್ಚಿನ ಸಲ ಕೈಗೆ ಬರುವುದು ಅಮೆರಿಕದ ಚಿಟ್ಟೆ. ಕಿತ್ತಳೆ ರೆಕ್ಕೆ, ಅದರ ತುಂಬ ದಪ್ಪ ಕಪ್ಪು ನರಗಳು, ಕಪ್ಪು ಅಂಚಿನಲ್ಲಿ ಎರಡು ಸಾಲು ಬಿಳಿ ಚುಕ್ಕಿ. ಇದು ಮೊನಾರ್ಕ್. ಭಾರತದಲ್ಲಿ ಸ್ವಾಭಾವಿಕವಾಗಿ ಇಲ್ಲದ ಈ ಚಿಟ್ಟೆ ನಮ್ಮ ಶಾಲೆಗಳ ಗೋಡೆ, ನೋಟ್‌ಬುಕ್ಕಿನ ರಕ್ಷಾಪುಟ, ಹುಟ್ಟುಹಬ್ಬದ ಕೇಕಿನ ಡಬ್ಬಿಗಳ ಮೇಲೆಲ್ಲ ಕುಳಿತಿದೆ. ಇತ್ತ ಸೇಡಂ ರಸ್ತೆಯ ಖಾಲಿ ನಿವೇಶನಗಳಲ್ಲಿ, ಕೋಟೆಯ ಕಂದಕದ ಅಂಚಿನಲ್ಲಿ, ರೈಲು ಹಳಿಯ ಪಕ್ಕದಲ್ಲಿ ಬೆಳೆದ ಎಕ್ಕದ ಗಿಡದ ಸುತ್ತ ಅದರದೇ ಹತ್ತಿರದ ಬಂಧು ಸುತ್ತುತ್ತಿರುತ್ತದೆ. ಅದರ ಚಾರ್ಟ್ ಮಾತ್ರ ಯಾವ ಅಂಗಡಿಯಲ್ಲೂ ನನಗೆ ಸಿಕ್ಕಿಲ್ಲ.

ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ. ವಿಜ್ಞಾನ ವಸ್ತುಪ್ರದರ್ಶನದ ಸುತ್ತೋಲೆ ಬಂದ ಮರುದಿನವೇ ಒಂದಿಬ್ಬರು ಮಕ್ಕಳಾದರೂ "ಸರ್, ಚಿಟ್ಟೆ ಮಾಡುತ್ತೇವೆ" ಎಂದು ಬರುತ್ತಾರೆ. ಯಾವ ಚಿಟ್ಟೆ ಎಂದು ನಾನು ಮೊದಲು ಕೇಳುತ್ತಿರಲಿಲ್ಲ. ಒಂದು ವರ್ಷ ನಮ್ಮ ಎಂಟನೆಯ ತರಗತಿಯ ಹುಡುಗಿಯರು 'ನಮ್ಮೂರಿನ ಪಾತರಗಿತ್ತಿ' ಎಂಬ ಶೀರ್ಷಿಕೆ ಬರೆದು, ಕೆಳಗೆ ಅಚ್ಚುಕಟ್ಟಾಗಿ ಮೊನಾರ್ಕ್ ಬಿಡಿಸಿ ನಿಲ್ಲಿಸಿದ್ದರು. ತೀರ್ಪುಗಾರರಲ್ಲಿ ಒಬ್ಬ ಹಿರಿಯರು ಬಗ್ಗಿ ನೋಡಿ, "ತಂಗಿ, ಇದನ್ನು ಎಲ್ಲಿ ನೋಡಿದೆ?" ಎಂದರು. ಹುಡುಗಿ ಪ್ರಾಮಾಣಿಕಳು. "ಚಾರ್ಟಿನಲ್ಲಿ, ಸರ್" ಎಂದಳು. ಆ ಚಾರ್ಟ್ ತಂದುಕೊಟ್ಟವನು ನಾನೇ. ಅಂದಿನಿಂದ ಈ ಎರಡು ಚಿಟ್ಟೆಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಗೀಳು ಹತ್ತಿಕೊಂಡಿದೆ. ಮಕ್ಕಳಿಗೆ, ಅವರಿಗಿಂತ ಹೆಚ್ಚಾಗಿ ರಾತ್ರಿ ಹತ್ತಕ್ಕೆ ಥರ್ಮಾಕೋಲ್ ಹುಡುಕುತ್ತ ಓಡುವ ಪಾಲಕರಿಗೆ, ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಮೊದಲು ಗುರುತು

ಎರಡಕ್ಕೂ ಕುಲನಾಮ ಒಂದೇ, ಡನಾಸ್. ಮೊನಾರ್ಕ್ ಡನಾಸ್ ಪ್ಲೆಕ್ಸಿಪಸ್. ನಮ್ಮದು ಡನಾಸ್ ಕ್ರಿಸಿಪಸ್, ಇಂಗ್ಲಿಷಿನ ಹೆಸರು ಪ್ಲೇನ್ ಟೈಗರ್. ಎರಡನ್ನೂ ಲಿನೀಯಸ್ 1758ರಲ್ಲಿ ಒಂದೇ ಗ್ರಂಥದಲ್ಲಿ ಹೆಸರಿಸಿದ. ಈ ಬರಹದಲ್ಲಿ ನಾನು ಅದನ್ನು ಹುಲಿಚಿಟ್ಟೆ ಎನ್ನುತ್ತೇನೆ. ಹಳ್ಳಿಯ ಮಕ್ಕಳು ಹೆಸರಿನ ಗೋಜಿಗೇ ಹೋಗದೆ 'ಎಕ್ಕದ ಪಾತರಗಿತ್ತಿ' ಎಂದುಬಿಡುತ್ತಾರೆ. ನನಗೆ ಕೇಳಿದರೆ ಅದೇ ಒಳ್ಳೆಯ ಹೆಸರು.

ಗಾತ್ರದಲ್ಲಿ ಮೊನಾರ್ಕ್ ದೊಡ್ಡದು. ರೆಕ್ಕೆ ಬಿಚ್ಚಿದರೆ ಒಂಬತ್ತು-ಹತ್ತು ಸೆಂಟಿಮೀಟರ್ ಅಗಲ. ಹುಲಿಚಿಟ್ಟೆ ಏಳೆಂಟು. ಆದರೆ ಹಾರುವ ಚಿಟ್ಟೆಗೆ ಸ್ಕೇಲು ಹಿಡಿಯಲು ಆಗುವುದಿಲ್ಲ, ಆದ್ದರಿಂದ ನರ ನೋಡಿ. ಮೊನಾರ್ಕಿನ ರೆಕ್ಕೆ ಕಪ್ಪು ಸೀಸದ ಕಂಬಿ ಹಾಕಿದ ಬಣ್ಣದ ಗಾಜಿನ ಕಿಟಕಿಯಂತೆ ಕಾಣುತ್ತದೆ. ಹುಲಿಚಿಟ್ಟೆಯ ರೆಕ್ಕೆ ನುಣ್ಣನೆಯ ಕಂದುಗಿತ್ತಳೆ. ಕಪ್ಪು ಇರುವುದು ಮುಂದಿನ ರೆಕ್ಕೆಯ ತುದಿಯಲ್ಲಿ, ಅದರೊಳಗೆ ಬಿಳಿ ಪಟ್ಟಿ. ಹಿಂದಿನ ರೆಕ್ಕೆಯ ನಡುವೆ ಮೂರು ಕಪ್ಪು ಚುಕ್ಕಿ ಇದ್ದರೆ ಹೆಣ್ಣು, ನಾಲ್ಕಿದ್ದರೆ ಗಂಡು. ಆ ನಾಲ್ಕನೆಯದು ಬರೀ ಚುಕ್ಕಿಯಲ್ಲ, ಗಂಧದ ಚೀಲ. ಮೊನಾರ್ಕಿನ ಗಂಡಿಗೂ ಹಿಂದಿನ ರೆಕ್ಕೆಯ ನರದ ಮೇಲೆ ಅಂಥದ್ದೇ ಒಂದು ಕಪ್ಪು ಚುಕ್ಕಿ ಇದೆ.

ಇಲ್ಲಿ ಒಂದು ಗುಂಡಿ ಇದೆ, ಬೀಳಬೇಡಿ. ನಮ್ಮಲ್ಲೇ ಕಪ್ಪು ನರಗಳ ಇನ್ನೊಂದು ಚಿಟ್ಟೆ ಇದೆ: ಡನಾಸ್ ಜೆನೂಟಿಯ, ಪಟ್ಟೆಹುಲಿ ಎನ್ನೋಣ. ಮಳೆಗಾಲದಲ್ಲಿ ಅದನ್ನು ಮೊಬೈಲಿನಲ್ಲಿ ಸೆರೆಹಿಡಿದು "ಸರ್, ಚಿಂಚೋಳಿಯಲ್ಲಿ ಮೊನಾರ್ಕ್ ಸಿಕ್ಕಿತು" ಎಂದು ಕಳಿಸಿದವರು ನನಗೆ ಒಬ್ಬಿಬ್ಬರಲ್ಲ. ಪಟ್ಟೆಹುಲಿಯ ಮುಂದಿನ ರೆಕ್ಕೆಯ ತುದಿಯಲ್ಲಿ ಹುಲಿಚಿಟ್ಟೆಯಂತೆಯೇ ಅಗಲವಾದ ಬಿಳಿ ಪಟ್ಟಿ ಇರುತ್ತದೆ. ಮೊನಾರ್ಕಿಗೆ ಅದಿಲ್ಲ. ಪಟ್ಟಿ ಕಂಡರೆ ಮೊನಾರ್ಕ್ ಎಂಬ ಸಂಭ್ರಮವನ್ನು ಕೈಬಿಟ್ಟು, ಪಟ್ಟೆಹುಲಿ ಸಿಕ್ಕಿದ್ದಕ್ಕೆ ಖುಷಿಪಡಿ.

ಮರಿಹುಳುವಿನಲ್ಲಿ ಗುರುತು ಇನ್ನೂ ಸುಲಭ. ಎರಡಕ್ಕೂ ಮೈಮೇಲೆ ಕಪ್ಪು, ಬಿಳಿ, ಹಳದಿ ಬಳೆಗಳು. ಮೀಸೆಯಂಥ ಮೆತ್ತನೆಯ ಕಪ್ಪು ಕೋಡುಗಳನ್ನು ಎಣಿಸಿ. ಮೊನಾರ್ಕಿಗೆ ಮುಂದೊಂದು ಜೊತೆ, ಹಿಂದೊಂದು ಜೊತೆ. ಹುಲಿಚಿಟ್ಟೆಗೆ ನಡುವೆ ಇನ್ನೊಂದು ಜೊತೆ ಸೇರಿ ಒಟ್ಟು ಆರು. ಚಾರ್ಟ್ ಮಾರುವವರು ಹೆಸರು ಬದಲಿಸಿ ಅಂಟಿಸಿದ್ದರೂ ಈ ಲೆಕ್ಕ ಸುಳ್ಳು ಹೇಳುವುದಿಲ್ಲ.

ಕಣ್ಣಾರೆ ನೋಡುವುದಾದರೆ

ಮಕ್ಕಳು ತಾವೇ ಮೊಟ್ಟೆ ನೋಡಬೇಕು, ಹುಳು ಬೆಳೆಯುವುದನ್ನು ಅಳೆಯಬೇಕು, ಚಿಟ್ಟೆ ಹೊರಬರುವಾಗ ಪಕ್ಕದಲ್ಲಿರಬೇಕು ಎಂದಾದರೆ ಮೊನಾರ್ಕ್ ಕಣದಲ್ಲೇ ಇಲ್ಲ. ಹುಲಿಚಿಟ್ಟೆಗೆ ಬೇಕಾದ ಬಂಡವಾಳ ಎಕ್ಕದ ಒಂದು ಗಿಡ. ಅದನ್ನು ಯಾರೂ ನೆಡಬೇಕಾಗಿಲ್ಲ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 43 ಡಿಗ್ರಿ ಮುಟ್ಟಿ ಬೇವು ಕೂಡ ಬಾಡಿದಂತೆ ಕಾಣುವಾಗ ಬೂದುಹಸಿರಾಗಿ ನಿಂತಿರುವ ಗಿಡ ಅದು. ಜಾನುವಾರು ಮೂಸಿ ಮುಂದೆ ಹೋಗುತ್ತವೆ. ಶನಿವಾರ ಹನುಮಪ್ಪನ ಹಾರಕ್ಕೆ ಹೂವು ಬೇಕಾದಾಗ, ರಥಸಪ್ತಮಿಯ ದಿನ ತಲೆಯ ಮೇಲಿಟ್ಟು ಸ್ನಾನ ಮಾಡಲು ಎಲೆ ಬೇಕಾದಾಗ ನಮಗೆ ಅದರ ನೆನಪು. ಚಿಟ್ಟೆಗೆ ವರ್ಷವಿಡೀ ನೆನಪು.

ಜುಲೈಯಿಂದ ನವೆಂಬರ್‌ವರೆಗೆ ಹುಡುಕುವುದು ಸುಲಭ. ಎಳೆಯ ಎಲೆಯನ್ನು ಮೆಲ್ಲಗೆ ತಿರುಗಿಸಿದರೆ ಸಾಸಿವೆಗಿಂತ ಚಿಕ್ಕದಾದ, ಬೆಳ್ಳಗಿನ, ಗೆರೆಗೆರೆಯ ಮೊಟ್ಟೆ ಕಾಣುತ್ತದೆ. ಒಂದೊಂದಾಗಿ ಇಡುತ್ತದೆ, ರಾಶಿ ಹಾಕುವುದಿಲ್ಲ. ಮೂರು-ನಾಲ್ಕು ದಿನಕ್ಕೆ ಹುಳು. ಅದು ಮೊದಲು ತಿನ್ನುವುದು ತನ್ನ ಮೊಟ್ಟೆಯ ಸಿಪ್ಪೆಯನ್ನೇ. ಆಮೇಲೆ ಸುಮಾರು ಎರಡು ವಾರ ಎಲೆ ತಿನ್ನುವುದು ಬಿಟ್ಟು ಬೇರೆ ಕೆಲಸವಿಲ್ಲ. ಮುಂದಿನ ಹತ್ತು ದಿನದ ಆಸುಪಾಸು ಕೋಶ. ಒಟ್ಟಿನಲ್ಲಿ ಒಂದು ತಿಂಗಳು. ಬಿಸಿಲು ಜೋರಾಗಿದ್ದರೆ ಕೆಲವು ದಿನ ಕಡಿಮೆ. ಪ್ರದರ್ಶನದ ದಿನಾಂಕದಿಂದ ಹಿಂದಕ್ಕೆ ಎಣಿಸಿ ಐದು ವಾರ ಇಟ್ಟುಕೊಳ್ಳಿ. ನಾಲ್ಕು ದಿನ ಉಳಿದಾಗ ಬಂದು "ಸರ್, ಹುಳು ಬೇಕು" ಎಂದರೆ ನಾನು ಎಲ್ಲಿಂದ ತರಲಿ?

ಕೋಶದ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ಈ ಹೋಲಿಕೆಯಲ್ಲಿ ನನಗೆ ಅತಿ ಪ್ರಿಯವಾದ ಭಾಗ ಇದು. ಮೊನಾರ್ಕಿನ ಕೋಶ ಹಸಿರು, ಅದರ ಮೇಲೆ ಬಂಗಾರದ ಚುಕ್ಕಿಗಳು. ಅಕ್ಕಸಾಲಿಗ ಕೂತು ಕುಂದಣ ಇಟ್ಟಂತೆ. ಹುಲಿಚಿಟ್ಟೆಯದೂ ಅದೇ ಕೆಲಸ, ಆದರೆ ಅದಕ್ಕೆ ಇನ್ನೊಂದು ಆಟ ಗೊತ್ತು: ಹಸಿರು ಎಲೆಯ ನಡುವೆ ತೂಗಿದ ಕೋಶ ಹಸಿರಾಗಿರುತ್ತದೆ, ಬೇರೆ ಕಡೆ ತೂಗಿದ್ದು ಹಲವು ಸಲ ತಿಳಿ ಗುಲಾಬಿಯಾಗಿರುತ್ತದೆ. ಯಾವ ಸಂದರ್ಭದಲ್ಲಿ ಯಾವ ಬಣ್ಣ? ನಿಮ್ಮ ಮಗಳ ಪ್ರಾಜೆಕ್ಟ್ ಇಲ್ಲಿಂದಲೇ ಹುಟ್ಟಬಹುದು. ಮೂರು ಪೆಟ್ಟಿಗೆಗೆ ಒಳಗಿನಿಂದ ಹಸಿರು, ಕಂದು, ಬಿಳಿ ಕಾಗದ ಅಂಟಿಸಿ, ಒಂದೇ ಗಿಡದ ಹುಳುಗಳನ್ನು ಹಂಚಿ, ಏನಾಯಿತು ಎಂದು ಬರೆದಿಡಲಿ. ಬಂದ ಉತ್ತರ ಪುಸ್ತಕದಲ್ಲಿರುವಂತೆ ಬರದಿದ್ದರೂ ಅದು ಅವಳದೇ ಉತ್ತರ. ಯಾವ ತೀರ್ಪುಗಾರರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ.

ಸಾಕುವ ಕಷ್ಟವೂ ಇದೆ, ಮುಚ್ಚಿಡುವುದಿಲ್ಲ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಗಂಭೀರ ಹಾನಿಯಾಗುತ್ತದೆ. ಎಲೆಯನ್ನು ದೊಡ್ಡವರೇ ಕೀಳಲಿ, ತೊಟ್ಟಿನಿಂದ ಸುರಿಯುವ ಹಾಲನ್ನು ಹಳೆಯ ಬಟ್ಟೆಯಲ್ಲಿ ಒರೆಸಿ, ಕೈ ತೊಳೆಯದೆ ಯಾರೂ ಮುಖ ಮುಟ್ಟಬಾರದು. ದಿನಕ್ಕೊಮ್ಮೆ ಹಿಕ್ಕೆ ತೆಗೆದು ಹೊಸ ಎಲೆ ಹಾಕಬೇಕು. ಡಬ್ಬಿಯ ಬಾಯಿಗೆ ಪ್ಲಾಸ್ಟಿಕ್ ಮುಚ್ಚಳ ಬೇಡ, ಸೊಳ್ಳೆಪರದೆಯ ತುಂಡು ಸಾಕು. ಹುಳುವನ್ನು ಬೆರಳಿನಿಂದ ಎತ್ತಬೇಡಿ, ಎಲೆಸಮೇತ ಎತ್ತಿ. ತೊಗರಿಗೆ ಔಷಧಿ ಹೊಡೆಯುವ ದಿನಗಳಲ್ಲಿ ಹೊಲದ ಬದುವಿನ ಎಕ್ಕದ ಎಲೆ ತರಲೇಬೇಡಿ. ಒಂದು ಸಲ ಬೆಳಿಗ್ಗೆ ಶಾಲೆಗೆ ಬಂದು ನೋಡಿದರೆ ಏಳು ಹುಳುಗಳೂ ಡಬ್ಬಿಯ ತಳದಲ್ಲಿ ಕಪ್ಪಾಗಿ ಬಿದ್ದಿದ್ದವು. ಎಲೆ ತಂದಿದ್ದ ಹುಡುಗ ಎರಡು ದಿನ ಮಾತಾಡಲಿಲ್ಲ.

ಕಥೆ ಹೇಳುವುದಾದರೆ

ಇಲ್ಲಿ ತಕ್ಕಡಿ ಪೂರ್ತಿ ಆಚೆ ಕಡೆ ವಾಲುತ್ತದೆ. ಹುಲಿಚಿಟ್ಟೆಯನ್ನು ಎಷ್ಟೇ ಪ್ರೀತಿಸಿದರೂ ಮೊನಾರ್ಕಿನ ಪಯಣದ ಮುಂದೆ ಅದನ್ನು ನಿಲ್ಲಿಸಲು ಆಗುವುದಿಲ್ಲ.

ಅರ್ಧ ಗ್ರಾಂ ಆಸುಪಾಸು ತೂಗುವ ಈ ಜೀವ ಶರತ್ಕಾಲದಲ್ಲಿ ಕೆನಡಾದ ದಕ್ಷಿಣದಿಂದ, ಅಮೆರಿಕದ ರಾಕಿ ಪರ್ವತಗಳ ಪೂರ್ವಭಾಗದಿಂದ ಹೊರಟು ಮೆಕ್ಸಿಕೊದ ಮಧ್ಯದ ಬೆಟ್ಟಗಳನ್ನು ಸೇರುತ್ತದೆ. ಕೆಲವು ಚಿಟ್ಟೆಗಳ ಹಾದಿ 4,000 ಕಿಲೋಮೀಟರಿಗೂ ಹೆಚ್ಚು. ಕಲಬುರಗಿಯಿಂದ ಬೆಂಗಳೂರಿಗೆ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಸೊಂಟ ಹಿಡಿಸಿಕೊಂಡವರು ಅಂಥ ಏಳು ಪ್ರಯಾಣಗಳನ್ನು ಸಾಲಾಗಿ ಜೋಡಿಸಿ ಊಹಿಸಿಕೊಳ್ಳಲಿ. ಸೂರ್ಯನನ್ನು ನೋಡಿ ದಿಕ್ಕು ಹಿಡಿಯುತ್ತದೆ. ಸೂರ್ಯ ದಿನವಿಡೀ ಸರಿಯುತ್ತಿರುವುದರಿಂದ ಆ ಲೆಕ್ಕ ಸರಿಪಡಿಸುವ ಗಡಿಯಾರವೂ ಅದಕ್ಕೆ ಬೇಕು. ಅದು ಇರುವುದು ಮೀಸೆಗಳಲ್ಲಿ.

ಎಲ್ಲಕ್ಕಿಂತ ಮಿಗಿಲಾದ ವಿಸ್ಮಯ ಇದು: ಹಾಗೆ ಹೋಗುವ ಚಿಟ್ಟೆ ಆ ದಾರಿಯನ್ನು ಹಿಂದೆಂದೂ ಕಂಡಿರುವುದಿಲ್ಲ. ಬೇಸಿಗೆಯಲ್ಲಿ ಹುಟ್ಟಿದ ಮೊನಾರ್ಕಿನ ಆಯಸ್ಸು ಕೆಲವೇ ವಾರ. ವಸಂತದಲ್ಲಿ ಮೆಕ್ಸಿಕೊ ಬಿಟ್ಟು ಉತ್ತರಕ್ಕೆ ಹೊರಟದ್ದು ದಾರಿಯಲ್ಲಿ ಮೊಟ್ಟೆಯಿಟ್ಟು ಸಾಯುತ್ತದೆ, ಮಕ್ಕಳು ಮುಂದಕ್ಕೆ ಹೋಗುತ್ತವೆ, ಮೊಮ್ಮಕ್ಕಳು ಇನ್ನೂ ಮುಂದಕ್ಕೆ. ಶರತ್ಕಾಲದ ಪೀಳಿಗೆ ಮಾತ್ರ ಎಂಟು-ಒಂಬತ್ತು ತಿಂಗಳು ಬದುಕಿ, ಮುತ್ತಜ್ಜಿ ಬಿಟ್ಟುಬಂದ ಅದೇ ಬೆಟ್ಟಗಳಿಗೆ ಮರಳುತ್ತದೆ. ಅಲ್ಲಿ 3,000 ಮೀಟರ್ ಎತ್ತರದ ಆಸುಪಾಸಿನಲ್ಲಿ ಒಯಾಮೆಲ್ ಎಂಬ ಫರ್ ಮರಗಳ ಕಾಡು. ಕೊಂಬೆ ಬಾಗುವಷ್ಟು ಚಿಟ್ಟೆಗಳು ಒಂದಕ್ಕೊಂದು ಅಂಟಿಕೊಂಡು ಚಳಿಗಾಲ ಕಳೆಯುತ್ತವೆ. ಅವು ಬಂದಿಳಿಯುವುದು ನವೆಂಬರ್ ಮೊದಲ ದಿನಗಳಲ್ಲಿ. ನಾವು ಶಾಲೆಯ ಅಂಗಳದಲ್ಲಿ ರಾಜ್ಯೋತ್ಸವದ ಧ್ವಜ ಏರಿಸುವ ಹೊತ್ತಿಗೆ ಮೆಕ್ಸಿಕೊದಲ್ಲಿ ಸತ್ತವರನ್ನು ನೆನೆಯುವ ಹಬ್ಬ. ಮರಳಿ ಬರುವ ಹಿರಿಯರ ಆತ್ಮಗಳೇ ಈ ಚಿಟ್ಟೆಗಳು ಎಂಬ ನಂಬಿಕೆ ಅಲ್ಲಿನ ಹಳ್ಳಿಗಳಲ್ಲಿದೆ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಟ್ಟದ ಜನರಿಗೆ ಯಾವಾಗಲೂ ಗೊತ್ತಿದ್ದ ಈ ತಾಣ ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು 1975ರ ಜನವರಿಯಲ್ಲಿ. ಕೆನಡಾದ ಫ್ರೆಡ್ ಅರ್ಕ್‌ಹಾರ್ಟ್ ದಶಕಗಳಿಂದ ಚಿಟ್ಟೆಗಳ ರೆಕ್ಕೆಗೆ ಪುಟ್ಟ ಚೀಟಿ ಅಂಟಿಸಿ ಹಾರಿಬಿಡುತ್ತಿದ್ದರು. ಅವರಿಗಾಗಿ ಹುಡುಕಲು ಹೋದ ಕೆನ್ ಬ್ರಗ್ಗರ್ ಮತ್ತು ಕ್ಯಾಟಲಿನಾ ಅಗ್ವಾಡೊ ಆ ಕಾಡನ್ನು ತಲುಪಿದರು. 2008ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಂಕಿ ಅಂಶದ ಪ್ರಾಜೆಕ್ಟ್ ಬೇಕಾದವರಿಗೂ ಮೊನಾರ್ಕೇ ಸರಿ. ಅಲ್ಲಿ ಚಿಟ್ಟೆಗಳನ್ನು ಎಣಿಸಲಾಗದೆ ಅವು ಆವರಿಸಿದ ಕಾಡಿನ ವಿಸ್ತೀರ್ಣ ಅಳೆಯುತ್ತಾರೆ. 1996-97ರ ಚಳಿಗಾಲದಲ್ಲಿ ಅದು 18.19 ಹೆಕ್ಟೇರ್. 2013-14ರಲ್ಲಿ 0.67. 2023-24ರಲ್ಲಿ 0.90, ಮರುವರ್ಷ 1.79. ಹೆಕ್ಟೇರ್ ಎಂದರೆ ನಮ್ಮ ಮಕ್ಕಳ ಮುಖ ಖಾಲಿ. ಎಕರೆ-ಗುಂಟೆಗೆ ಇಳಿಸಿ ನೋಡಿ: 45 ಎಕರೆ ಇದ್ದದ್ದು 1 ಎಕರೆ 26 ಗುಂಟೆಗೆ ಬಂತು. ಹೊಲ ಇರುವ ಮನೆಯ ಹುಡುಗ "ಅಷ್ಟೇನಾ ಸರ್!" ಎಂದು ತಾನಾಗಿಯೇ ಉದ್ಗರಿಸುತ್ತಾನೆ. ಕಾರಣಗಳಲ್ಲಿ ಮೆಕ್ಸಿಕೊದ ಮರಗಳ್ಳತನ ಇದೆ, ಹವಾಮಾನ ಇದೆ. ದೊಡ್ಡ ಕಾರಣ ಮಾತ್ರ ನಮಗೂ ಹತ್ತಿರದ್ದು: ಅಮೆರಿಕದ ಮೆಕ್ಕೆಜೋಳ, ಸೋಯಾ ಹೊಲಗಳಲ್ಲಿ ಕಳೆನಾಶಕ ತಡೆಯುವ ತಳಿಗಳು ಬಂದ ಮೇಲೆ ಬೆಳೆಯ ನಡುವಿದ್ದ ಮಿಲ್ಕ್‌ವೀಡ್ ಎಂಬ ಹಾಲುಗಿಡಗಳು ಅಳಿದವು. ಮೊನಾರ್ಕಿನ ಹುಳು ಅವನ್ನು ಬಿಟ್ಟು ಬೇರೆ ತಿನ್ನುವುದಿಲ್ಲ. ನಮ್ಮ ಎಕ್ಕ ಆ ಹಾಲುಗಿಡಗಳ ದಾಯಾದಿ. ಬೇಸಾಯ ನಡೆಯದ ಕಡೆ ಬೆಳೆಯುವುದರಿಂದ ಸದ್ಯಕ್ಕೆ ಬದುಕಿಕೊಂಡಿದೆ.

ಹುಲಿಚಿಟ್ಟೆಯ ಪರವಾಗಿ ಒಂದು ಮಾತು ಹೇಳದಿದ್ದರೆ ಅನ್ಯಾಯ. ಆಫ್ರಿಕದಿಂದ ಏಷ್ಯಾವರೆಗೆ ಹರಡಿರುವ ಅದಕ್ಕೆ ವಲಸೆಯ ಮಹಾಕಥೆ ಇಲ್ಲ ನಿಜ. ಆದರೆ ಈಜಿಪ್ಟಿನ ಲಕ್ಸರ್ ಬಳಿ ನೆಬಾಮುನ್ ಎಂಬ ಅಧಿಕಾರಿಯ ಸಮಾಧಿಯಲ್ಲಿ, ಕ್ರಿ.ಪೂ. 1350ರ ಸುಮಾರಿನ ಗೋಡೆಚಿತ್ರವೊಂದಿದೆ. ಜೊಂಡಿನ ನಡುವೆ ಹಕ್ಕಿ ಬೇಟೆ, ಸುತ್ತ ಚಿಟ್ಟೆಗಳು. ಆ ಚಿಟ್ಟೆಗಳಲ್ಲಿ ಸೇಡಂ ರಸ್ತೆಯ ನಮ್ಮ ಹುಲಿಚಿಟ್ಟೆಯನ್ನು ಗುರುತಿಸಲಾಗಿದೆ. ಚಿತ್ರದ ತುಣುಕು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಸಮಾಜ ವಿಜ್ಞಾನದ ಮೇಡಂ ಅವರನ್ನೂ ಪ್ರಾಜೆಕ್ಟಿಗೆ ಸೇರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ನೆಪ ಸಿಗದು.

ವಿಷ, ವೇಷ

ಎರಡೂ ಚಿಟ್ಟೆಗಳು ಅವಸರವಿಲ್ಲದೆ ಹಾರುತ್ತವೆ. ಹಾಲುಗಿಡದ ವಿಷವನ್ನು ಹುಳುವಾಗಿದ್ದಾಗ ತಿಂದು ಮೈಯಲ್ಲಿ ಉಳಿಸಿಕೊಂಡದ್ದೇ ಆ ಧೈರ್ಯಕ್ಕೆ ಕಾರಣ. ಹೃದಯದ ಬಡಿತ ಕೆಡಿಸುವ ವಿಷ ಅದು. 1960ರ ದಶಕದಲ್ಲಿ ಅಮೆರಿಕದ ಜೀವವಿಜ್ಞಾನಿ ಲಿಂಕನ್ ಬ್ರೋವರ್ ನಡೆಸಿದ ಪ್ರಯೋಗಗಳಲ್ಲಿ ಮೊನಾರ್ಕ್ ತಿಂದ ನೀಲಿ ಜೇ ಹಕ್ಕಿ ವಾಂತಿ ಮಾಡಿಕೊಂಡು, ಮುಂದೆ ಅಂಥ ರೆಕ್ಕೆ ಕಂಡರೆ ಮುಖ ತಿರುಗಿಸಿತು. ವಿಷದ ಪ್ರಮಾಣ ಹುಳು ತಿಂದ ಗಿಡದ ಮೇಲೆ ನಿಂತಿರುವುದರಿಂದ ಎಲ್ಲ ಚಿಟ್ಟೆಯೂ ಒಂದೇ ಸಮ ಕಹಿಯಲ್ಲ.

ವೇಷದ ವಿಷಯದಲ್ಲಿ ನಮ್ಮದು ಒಂದು ಕೈ ಮೇಲು. ಮೊನಾರ್ಕಿನಂತೆ ಕಾಣುವ ವೈಸ್‌ರಾಯ್ ಚಿಟ್ಟೆ ನಿರುಪದ್ರವಿ, ಬರೀ ವೇಷಧಾರಿ ಎಂದು ಹಳೆಯ ಪುಸ್ತಕಗಳು ಹೇಳುತ್ತಿದ್ದವು. ಅದೂ ಹಕ್ಕಿಗೆ ರುಚಿಸದ್ದೇ ಎಂದು 1991ರಲ್ಲಿ ಗೊತ್ತಾಯಿತು. ನಕಲು ಎನ್ನಲು ಆಗದಂತಾಯಿತು. ಹುಲಿಚಿಟ್ಟೆಯ ವೇಷ ತೊಡುವ ಡನೈಡ್ ಎಗ್‌ಫ್ಲೈ ಎಂಬ ಚಿಟ್ಟೆ ಮಾತ್ರ ಅಪ್ಪಟ ಬಹುರೂಪಿ. ಅದರ ಹುಳು ತಿನ್ನುವುದು ಗೋಣಿಸೊಪ್ಪಿನಂಥ ಗಿಡಗಳನ್ನು. ವೇಷ ಹೆಣ್ಣಿಗೆ ಮಾತ್ರ, ಗಂಡು ಕಡುಗಪ್ಪು ರೆಕ್ಕೆಯ ಮೇಲೆ ಬಿಳಿ ಬೊಟ್ಟು ಇಟ್ಟುಕೊಂಡು ಬೇರೆಯೇ ಜಾತಿಯಂತೆ ತಿರುಗುತ್ತದೆ. ಹೆಣ್ಣನ್ನು ಹಿಡಿದುಹಾಕುವುದು ಹಿಂದಿನ ರೆಕ್ಕೆಯಿಂದ: ನಡುವಿನ ಆ ಮೂರು ಚುಕ್ಕಿಗಳನ್ನು ಅದು ನಕಲು ಮಾಡಿಲ್ಲ. ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ಕದ್ದವನು ಕೊನೆಯ ಸಾಲು ಬಿಡುವ ಹಾಗೆ.

ಹಾಗಾದರೆ ಯಾವುದು?

ಐದು ವಾರ ಸಮಯ, ನಡೆದು ಹೋಗುವ ದೂರದಲ್ಲಿ ಒಂದು ಎಕ್ಕದ ಗಿಡ, ಎಲೆ ಕಿತ್ತುಕೊಡುವ ಒಬ್ಬ ದೊಡ್ಡವರು ಇದ್ದರೆ ಬೇರೆ ಯೋಚನೆ ಬೇಡ, ಹುಲಿಚಿಟ್ಟೆ. ಐದನೆಯ ತರಗತಿಗಿಂತ ಚಿಕ್ಕ ಮಕ್ಕಳಾದರೆ ಮನೆಗೆ ತಂದು ಸಾಕುವುದು ಬೇಡ, ಗಿಡದ ಬಳಿಗೇ ಕರೆದುಕೊಂಡು ಹೋಗಿ ದಿನಕ್ಕೊಂದು ಚಿತ್ರ ಬಿಡಿಸಲಿ. ಒಂಬತ್ತು, ಹತ್ತನೆಯ ತರಗತಿಯವರು, ನಕ್ಷೆ ಮತ್ತು ಗ್ರಾಫ್ ಇಷ್ಟಪಡುವವರು, ಅಥವಾ ಪ್ರದರ್ಶನಕ್ಕೆ ಹತ್ತು ದಿನ ಇದ್ದಾಗ ಎಚ್ಚರಗೊಂಡವರು ಮೊನಾರ್ಕ್ ಆರಿಸಲಿ. ಅದನ್ನು ಅಮೆರಿಕದ ಚಿಟ್ಟೆ ಎಂದೇ ತೋರಿಸಲಿ. ಎರಡನ್ನೂ ಒಟ್ಟಿಗೆ ಮಾಡುತ್ತೇವೆ ಎನ್ನುವವರನ್ನು ನಾನು ತಡೆಯುವುದಿಲ್ಲ. ಆದರೆ ಒಂದೇ ಹಲಗೆಯಲ್ಲಿ ಎರಡನ್ನೂ ತುರುಕಿದರೆ ನೋಡುವವರಿಗೆ ಎರಡೂ ತಲೆಗೆ ಹತ್ತುವುದಿಲ್ಲ. ಒಂದಕ್ಕೆ ಮುಕ್ಕಾಲು ಜಾಗ, ಇನ್ನೊಂದಕ್ಕೆ ಒಂದು ಮೂಲೆ ಕೊಡಿ.

ಇನ್ನು, ಮೊನಾರ್ಕ್ ಬರುತ್ತದೆ ಎಂಬ ಆಸೆಗೆ ಆನ್‌ಲೈನ್‌ನಲ್ಲಿ ಮಿಲ್ಕ್‌ವೀಡ್ ಬೀಜ ತರಿಸಬೇಡಿ. ಬೀಜ ಮೊಳೆತು ಹೂ ಬಿಟ್ಟರೂ ಮೊನಾರ್ಕ್ ಬರುವುದಿಲ್ಲ. ಬಂದರೆ ನಮ್ಮ ಹುಲಿಚಿಟ್ಟೆಯೇ ಬಂದೀತು. ಅದಕ್ಕೆ ಬೇಕಾದ ಗಿಡ ಕಾಂಪೌಂಡಿನ ಹೊರಗೆ ಪುಕ್ಕಟೆ ಇದೆ.

ಶಾಲೆಯ ಗೋಡೆಗೆ ಬಣ್ಣ ಬಳಿಸುವವರಿಗೆ ನನ್ನ ಸಲಹೆ ಹುಲಿಚಿಟ್ಟೆಯೇ. ನರ ಎಳೆಯುವ ಕೆಲಸ ಇಲ್ಲದ್ದರಿಂದ ಅರ್ಧ ದಿನ ಉಳಿಯುತ್ತದೆ. ನಮ್ಮಲ್ಲಿ ಬಂದ ಪೇಂಟರ್ ಕಾಕಾ ಮೊಬೈಲಿನಲ್ಲಿ ಮೊನಾರ್ಕ್ ತೋರಿಸಿ "ಇದನ್ನು ಕಣ್ಣು ಮುಚ್ಚಿ ಬರೆಯುತ್ತೇನೆ ಸರ್, ಹತ್ತು ಶಾಲೆಯಲ್ಲಿ ಬರೆದಿದ್ದೇನೆ" ಎಂದರು. ನಾನು ಅವರನ್ನು ಗೇಟಿನ ಹೊರಗಿನ ಎಕ್ಕದ ಬಳಿಗೆ ಕರೆದುಕೊಂಡು ಹೋದೆ. ಕಾಲು ಗಂಟೆ ಕಾದ ಮೇಲೆ ಒಂದು ಬಂದು ಕುಳಿತಿತು, ಹಾರಿತು, ಇನ್ನೊಂದು ಬಂತು. ಕಾಕಾ ಎರಡನ್ನೂ ಚೆನ್ನಾಗಿ ನೋಡಿಕೊಂಡರು. ಸಂಜೆ ಹೋಗಿ ನೋಡಿದರೆ ಗೋಡೆಯ ಮೇಲಿನ ಚಿಟ್ಟೆಯ ಎಡರೆಕ್ಕೆಯಲ್ಲಿ ನಾಲ್ಕು ಚುಕ್ಕಿ, ಬಲರೆಕ್ಕೆಯಲ್ಲಿ ಮೂರು. ತಿದ್ದಿಸಿಲ್ಲ. ಹೊಸದಾಗಿ ಎಂಟನೆಯ ತರಗತಿಗೆ ಸೇರಿದವರನ್ನು ಅದರ ಮುಂದೆ ನಿಲ್ಲಿಸಿ, ಏನು ತಪ್ಪಾಗಿದೆ ಹೇಳಿ ಎನ್ನುತ್ತೇನೆ.